ದ್ವೀಪದ ಕುದುರೆ ಗಾಡಿ ಓಟ ಮತ್ತು ಕ್ಯಾಸಿನೊ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಮಗಳು ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ ಓದುತ್ತಿದ್ದಾಳೆ. ಬರುವ ಆಗಸ್ಟಿನಲ್ಲಿ ನಾವಿಬ್ಬರೂ ಅಲ್ಲಿಗೆ ಹೊರಟಿದ್ದೇವೆ. ಕುದುರೆ ಗಾಡಿ ಓಟದ ಮೈದಾನ ಮತ್ತು ಕ್ಯಾಸಿನೊ ಅಲ್ಲಿ ಒಂದೇ ಆವರಣದಲ್ಲಿವೆ, ನೋಡಲೇಬೇಕು ಎಂದು ಅವಳು ಹೇಳುತ್ತಾಳೆ. ಜೂಜಿನ ಗಂಧಗಾಳಿ ಇಲ್ಲದ ನಮ್ಮಂಥವರು ಅಲ್ಲಿಗೆ ಹೋಗಬಹುದೇ?
– ನಿವೃತ್ತ ಶಿಕ್ಷಕರೊಬ್ಬರು, ಜಮಖಂಡಿ

ಉತ್ತರ: ಅವಶ್ಯವಾಗಿ ಹೋಗಿ ಬನ್ನಿ. ಓಟವನ್ನೇ ಮುಖ್ಯವಾಗಿ ಇಟ್ಟುಕೊಳ್ಳಿ. ಕ್ಯಾಸಿನೊ ನೋಡದಿದ್ದರೂ ತಮಗೆ ಏನೂ ತಪ್ಪಿಹೋಗುವುದಿಲ್ಲ. ಪ್ರಿನ್ಸ್ ಎಡ್ವರ್ಡ್ ದ್ವೀಪ ಕೆನಡಾದ ಅತಿ ಚಿಕ್ಕ ಪ್ರಾಂತ್ಯ. ಅದರ ವಿಸ್ತೀರ್ಣ ಸುಮಾರು 5,660 ಚದರ ಕಿಲೋಮೀಟರ್, ಅಂದರೆ ತಮ್ಮ ಬಾಗಲಕೋಟೆ ಜಿಲ್ಲೆಗಿಂತ ಸ್ವಲ್ಪ ಕಡಿಮೆ; 2021ರ ಜನಗಣತಿಯಂತೆ ಅಲ್ಲಿರುವವರು ಒಂದೂವರೆ ಲಕ್ಷದ ಆಸುಪಾಸಿನ ಜನ. ಕೆಂಪು ಮಣ್ಣು, ಆಲೂಗಡ್ಡೆ ಬೆಳೆ ಮತ್ತು ಮೀನುಗಾರಿಕೆಯ ಈ ನೆಲದಲ್ಲಿ ಕುದುರೆ ಗಾಡಿಯ ಓಟ ರೈತಾಪಿ ಜನರ ಮನೆತನದ ಆಟವಾಗಿ ಬೆಳೆದಿದೆ. 1955ರಲ್ಲಿ ಅಮೆರಿಕದ ಪ್ರತಿಷ್ಠಿತ ಹ್ಯಾಂಬಲ್ಟೋನಿಯನ್ ಓಟವನ್ನು ಸ್ಕಾಟ್ ಫ್ರಾಸ್ಟ್ ಎಂಬ ಕುದುರೆಯಿಂದ ಗೆದ್ದ ಜೋ ಓಬ್ರಿಯನ್ ಇದೇ ದ್ವೀಪದ ಆಲ್ಬರ್ಟನ್ ಎಂಬ ಚಿಕ್ಕ ಊರಿನವರು.

ಮೈದಾನಗಳು ಎರಡಿವೆ: ರಾಜಧಾನಿ ಷಾರ್ಲಟ್‌ಟೌನಿನಲ್ಲಿ ಒಂದು, ಪಶ್ಚಿಮಕ್ಕಿರುವ ಸಮ್ಮರ್‌ಸೈಡಿನಲ್ಲಿ ಇನ್ನೊಂದು. ಎರಡೂ ರೆಡ್ ಶೋರ್ಸ್ ಎಂಬ ಹೆಸರಿನಲ್ಲಿ ನಡೆಯುತ್ತವೆ. ನಡೆಸುವುದು ಕೆನಡಾದ ನಾಲ್ಕು ಅಟ್ಲಾಂಟಿಕ್ ಪ್ರಾಂತ್ಯಗಳ ಸರ್ಕಾರಗಳಿಗೆ ಸೇರಿದ ಅಟ್ಲಾಂಟಿಕ್ ಲಾಟರಿ ಸಂಸ್ಥೆ. ಪಣ ಕಟ್ಟಬೇಕೆಂಬ ಒತ್ತಾಯ ಯಾರಿಗೂ ಇಲ್ಲ. ಪಣ ಕಟ್ಟಲು ಮತ್ತು ಕ್ಯಾಸಿನೊ ಪ್ರವೇಶಿಸಲು 19 ವರ್ಷ ತುಂಬಿರಬೇಕು, ಆದ್ದರಿಂದ ಮಗಳು ಜೊತೆಗಿದ್ದರೆ ಗುರುತಿನ ಚೀಟಿ ಇಟ್ಟುಕೊಂಡಿರಲಿ.

ತಾವು ಆಗಸ್ಟಿನಲ್ಲಿ ಹೋಗುತ್ತಿರುವುದು ತುಂಬ ಸಂತೋಷದ ಸಂಗತಿ. ಆ ತಿಂಗಳಲ್ಲಿ ಷಾರ್ಲಟ್‌ಟೌನಿನಲ್ಲಿ ಓಲ್ಡ್ ಹೋಮ್ ವೀಕ್ ನಡೆಯುತ್ತದೆ. ದನಕರು, ಕುದುರೆ, ಫಸಲುಗಳ ಪ್ರದರ್ಶನವೂ ಬಂಧುಬಳಗದ ಭೇಟಿಯೂ ಕೂಡಿದ, ನಮ್ಮ ಕಡೆಯ ದನಗಳ ಜಾತ್ರೆಯನ್ನು ಹೋಲುವ ವಾರ ಅದು. ಆ ವಾರದ ಕಿರೀಟವೆಂದರೆ 1960ರಿಂದ ನಡೆದುಬಂದಿರುವ ಗೋಲ್ಡ್ ಕಪ್ ಆ್ಯಂಡ್ ಸಾಸರ್ ಓಟ. ಮೊದಲು ಅರ್ಹತೆಯ ಸುತ್ತುಗಳು ನಡೆದು, ಶುಕ್ರವಾರ ಊರೊಳಗೆ ಮೆರವಣಿಗೆ ಹೊರಟು, ಅಂತಿಮ ಓಟ ಶನಿವಾರ ತಡರಾತ್ರಿ ದೀಪಗಳ ಬೆಳಕಿನಲ್ಲಿ ಆಗುತ್ತದೆ. ವಸತಿಯನ್ನು ಬಹಳ ಮುಂಚಿತವಾಗಿ ಗೊತ್ತುಪಡಿಸಿ, ಸ್ವೆಟರ್ ಮರೆಯಬೇಡಿ. ಆಗಸ್ಟಿನಲ್ಲಿಯೂ ಅಲ್ಲಿಯ ರಾತ್ರಿ ನಮಗೆ ಚಳಿಯೇ.

ಪ್ರಶ್ನೆ: ನಮ್ಮ ತಂದೆ ವಿಜಯಪುರದಲ್ಲಿ ಬಹಳ ಕಾಲ ಟಾಂಗಾ ಹೊಡೆದವರು. ಕುದುರೆ ಗಾಡಿಯ ಶರ್ಯತ್ತು ಎಂದರೆ ನನಗೆ ಇಂದಿಗೂ ಜೀವ. ಆದರೆ ಅಲ್ಲಿಯ ಓಟದಲ್ಲಿ ಕುದುರೆ ನಾಗಾಲೋಟ ಹೊಡೆದರೆ ಸೋತಂತೆಯೇ ಎಂದು ಯಾರೋ ಹೇಳಿದರು. ನಿಜವೇ? ಕುದುರೆಗೆ ಅದರಿಂದ ಹಿಂಸೆಯಾಗುವುದಿಲ್ಲವೇ?
– ಓದುಗರೊಬ್ಬರು, ವಿಜಯಪುರ

ಉತ್ತರ: ಬಹುಮಟ್ಟಿಗೆ ನಿಜ. ಕುದುರೆ ತನಗೆ ಕಲಿಸಿದ ಹೆಜ್ಜೆಯನ್ನು ಬಿಟ್ಟು ನಾಗಾಲೋಟಕ್ಕೆ ಇಳಿದರೆ, ಚಾಲಕನು ಇತರರಿಗೆ ಅಡ್ಡಿಯಾಗದಂತೆ ಅದನ್ನು ಪಕ್ಕಕ್ಕೆ ಎಳೆದು, ಲಗಾಮು ಬಿಗಿಹಿಡಿದು, ಮತ್ತೆ ಹೆಜ್ಜೆಗೆ ತರಬೇಕು. ಅಷ್ಟರಲ್ಲಿ ಉಳಿದವರು ಎಷ್ಟೋ ಮುಂದೆ ಹೋಗಿರುತ್ತಾರೆ. ಹಾಗೆ ಓಡಿ ಮುಂದೆ ಬಂದುದರ ಲಾಭವನ್ನು ಪಡೆದ ಕುದುರೆಯನ್ನು ತೀರ್ಪುಗಾರರು ಹಿಂದಿನ ಸ್ಥಾನಕ್ಕೆ ಇಳಿಸುತ್ತಾರೆ. ವೇಗವನ್ನು ಬಿಡದೆ ಹೆಜ್ಜೆಯನ್ನೂ ಕೆಡಿಸದೆ ಓಡಿಸುವುದೇ ಈ ಆಟದ ವಿದ್ಯೆ, ಮತ್ತು ಟಾಂಗಾದವರ ಮನೆಯಲ್ಲಿ ಬೆಳೆದ ತಮ್ಮ ಕಣ್ಣು ಅದನ್ನು ಬೇರೆ ಪ್ರವಾಸಿಗರಿಗಿಂತ ಬೇಗ ಹಿಡಿಯುತ್ತದೆಂದು ನನಗೆ ಭರವಸೆಯಿದೆ.

ಹೆಜ್ಜೆಗಳಲ್ಲಿ ಎರಡು ಬಗೆ. ಟ್ರಾಟ್ ಎಂಬುದರಲ್ಲಿ ಎಡ ಮುಂಗಾಲು ಮತ್ತು ಬಲ ಹಿಂಗಾಲು ಒಟ್ಟಿಗೆ ಏಳುತ್ತವೆ. ಪೇಸ್ ಎಂಬುದರಲ್ಲಿ ಒಂದೇ ಮಗ್ಗುಲಿನ ಮುಂಗಾಲು ಹಿಂಗಾಲುಗಳು ಜೊತೆಯಾಗಿ ಹೋಗುವುದರಿಂದ ಕುದುರೆಯ ಮೈ ಎಡಕ್ಕೂ ಬಲಕ್ಕೂ ತೂಗಿದಂತೆ ಕಾಣುತ್ತದೆ. ದ್ವೀಪದಲ್ಲಿ ಹೆಚ್ಚಾಗಿ ಓಡುವುದು ಪೇಸ್ ಕುದುರೆಗಳು. ಅವುಗಳ ಕಾಲುಗಳ ಸುತ್ತ ಬಳೆಯಂತೆ ಜೋಡಿಸಿದ ಪಟ್ಟಿಗಳಿಗೆ ಹಾಪಲ್ಸ್ ಎನ್ನುತ್ತಾರೆ. ಒಂದೇ ಮಗ್ಗುಲಿನ ಎರಡು ಕಾಲುಗಳನ್ನು ಸೇರಿಸುವ ಈ ಪಟ್ಟಿ ಕುದುರೆಗೆ ಲಯ ತಪ್ಪದಂತೆ ನೆರವಾಗುತ್ತದೆ, ಅದರ ಉದ್ದವನ್ನು ಆಯಾ ಕುದುರೆಯ ಹೆಜ್ಜೆಗೆ ತಕ್ಕಂತೆ ಅಳೆದು ಕಟ್ಟುತ್ತಾರೆ. ಸ್ಟ್ಯಾಂಡರ್ಡ್‌ಬ್ರೆಡ್ ಎಂಬ ಈ ತಳಿಗೆ ಆ ಹೆಸರು ಬಂದದ್ದು 1879ರಲ್ಲಿ ನಿಗದಿಯಾದ ಮಾನದಂಡದಿಂದ: ವಂಶಾವಳಿಯಲ್ಲಿ ಜಾಗ ಸಿಗಲು ಒಂದು ಮೈಲಿಯನ್ನು ಎರಡೂವರೆ ನಿಮಿಷದೊಳಗೆ ಟ್ರಾಟ್ ಮಾಡುವುದೇ ಮುಖ್ಯ ಅಳತೆಯಾಗಿತ್ತು. ಇಂದಿನ ಒಳ್ಳೆಯ ಕುದುರೆಗಳು ಅದೇ ಮೈಲಿಯನ್ನು ಎರಡು ನಿಮಿಷಕ್ಕೂ ಕಡಿಮೆ ಅವಧಿಯಲ್ಲಿ ಮುಗಿಸುತ್ತವೆ.

ಓಟ ಆರಂಭವಾಗುವ ಬಗೆಯನ್ನು ತಪ್ಪದೆ ನೋಡಿ. ಎರಡೂ ಬದಿಗೆ ಉದ್ದನೆಯ ರೆಕ್ಕೆ ಚಾಚಿದ ಒಂದು ಕಾರು ಮುಂದೆ ಚಲಿಸುತ್ತಿರುತ್ತದೆ. ಕುದುರೆಗಳು ಆ ರೆಕ್ಕೆಗೆ ಮೂಗು ತಾಗಿಸುವಷ್ಟು ಸಮೀಪದಲ್ಲಿ ಸಾಲಾಗಿ ಓಡುತ್ತ ಬರುತ್ತವೆ. ಆರಂಭದ ಗೆರೆ ಬಂದ ಕ್ಷಣ ರೆಕ್ಕೆಗಳು ಮಡಚಿಕೊಂಡು ಕಾರು ವೇಗವಾಗಿ ದೂರ ಸರಿಯುತ್ತದೆ. ದ್ವೀಪದ ಮೈದಾನಗಳ ಸುತ್ತಳತೆ ಅರ್ಧ ಮೈಲಿ, ಆದ್ದರಿಂದ ಒಂದು ಮೈಲಿಯ ಓಟಕ್ಕೆ ಎರಡು ಸುತ್ತು. ತಿರುವುಗಳು ಕಡಿದಾಗಿರುವುದರಿಂದ ಒಳಗಡೆಯ ಜಾಗ ಸಿಕ್ಕವನಿಗೆ ಅನುಕೂಲ ಹೆಚ್ಚು. ಹೊರಗಡೆ ಒಂಟಿಯಾಗಿ ಸಿಕ್ಕಿಬಿದ್ದ ಕುದುರೆ ಹೆಚ್ಚು ದೂರ ಓಡಬೇಕು, ಗಾಳಿಯನ್ನೂ ತಾನೇ ಸೀಳಬೇಕು. ಮುಂದಿರುವ ಗಾಡಿಯ ಬೆನ್ನಿಗೆ ಅಂಟಿಕೊಂಡು ಶಕ್ತಿ ಉಳಿಸಿಕೊಂಡವನು ಕೊನೆಯ ನೇರ ದಾರಿಯಲ್ಲಿ ಹೊರಬಂದು ಗೆಲ್ಲುವುದನ್ನು ತಾವು ಮತ್ತೆ ಮತ್ತೆ ಕಾಣುವಿರಿ. ರೇಸ್‌ಕೋರ್ಸಿನ ಜಾಕಿಗಳು ಮಾಲೀಕರ ಬಣ್ಣದ ಅಂಗಿ ತೊಟ್ಟರೆ, ಇಲ್ಲಿಯ ಚಾಲಕರಿಗೆ ತಮ್ಮದೇ ಬಣ್ಣಗಳಿವೆ. ನೆಚ್ಚಿನ ಚಾಲಕನನ್ನು ದೂರದಿಂದಲೇ ಗುರುತಿಸಬಹುದು.

ಹಿಂಸೆಯ ಪ್ರಶ್ನೆಯನ್ನು ತಾವು ಕೇಳಿದ್ದು ಸರಿಯಾಗಿದೆ. ಓಡುವ ಪ್ರಾಣಿಗೆ ಪೆಟ್ಟಾಗುವುದುಂಟು, ಬಿದ್ದು ಗಾಡಿಗಳು ಸಿಕ್ಕಿಕೊಳ್ಳುವುದುಂಟು. ಪಶುವೈದ್ಯರು, ಉದ್ದೀಪನ ಮದ್ದಿನ ಪರೀಕ್ಷೆ, ಚಾವಟಿಯ ಬಳಕೆಗೆ ಮಿತಿ ಇವೆಲ್ಲ ಇವೆ. ಆದರೂ ಅಪಾಯ ಇಲ್ಲವೇ ಇಲ್ಲ ಎನ್ನಲಾಗದು. ಓಟದಿಂದ ನಿವೃತ್ತವಾದ ಕುದುರೆಗಳ ಮುಂದಿನ ಬಾಳು ನನಗೆ ಇನ್ನೂ ದೊಡ್ಡ ಪ್ರಶ್ನೆಯಾಗಿ ಕಾಣುತ್ತದೆ: ಉತ್ತರ ಅಮೆರಿಕದಲ್ಲಿ ಅನೇಕ ಸ್ಟ್ಯಾಂಡರ್ಡ್‌ಬ್ರೆಡ್ ಕುದುರೆಗಳು ಮೋಟಾರು ವಾಹನದ ಬದಲು ಕುದುರೆ ಗಾಡಿ ಬಳಸುವ ಆಮಿಶ್ ಎಂಬ ಕ್ರೈಸ್ತ ಪಂಗಡದ ರೈತರ ಗಾಡಿಗಳಿಗೆ ಹೋಗುತ್ತವೆ, ಎಲ್ಲವುಗಳ ಭಾಗ್ಯ ಅಷ್ಟು ಒಳ್ಳೆಯದಲ್ಲ. ಅದೇ ವೇಳೆ, ನಮ್ಮ ಕಡೆ ಡಾಂಬರು ರಸ್ತೆಯ ಮೇಲೆ ಮೋಟಾರ್ ಸೈಕಲ್ಲುಗಳ ಗದ್ದಲದ ನಡುವೆ ಕುದುರೆ ಓಡಿಸುವುದಕ್ಕಿಂತ, ಹದ ಮಾಡಿದ ನೆಲದ ಮೇಲೆ ನಿಯಮ ಮತ್ತು ತೀರ್ಪುಗಾರರ ಕಣ್ಗಾವಲಿನಲ್ಲಿ ನಡೆಯುವ ಓಟ ಎಷ್ಟೋ ಮೇಲು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಪ್ರಾಣಿಹಿಂಸೆ ತಡೆ ಕಾನೂನಿಗೆ ನಮ್ಮ ರಾಜ್ಯ 2017ರಲ್ಲಿ ತಂದ ತಿದ್ದುಪಡಿಯನ್ನು ಸರ್ವೋಚ್ಚ ನ್ಯಾಯಾಲಯವು 2023ರ ಮೇ ತಿಂಗಳಿನಲ್ಲಿ ಎತ್ತಿಹಿಡಿದಿದೆ, ನಿಜ. ಆದರೆ ಅದು ಕಂಬಳ, ಹೋರಿ ಮತ್ತು ಎತ್ತಿನ ಗಾಡಿಗಳ ಓಟಕ್ಕೆ ಸಂಬಂಧಿಸಿದ್ದು, ಕುದುರೆ ಗಾಡಿಗಳದ್ದಕ್ಕಲ್ಲ.

ಪ್ರಶ್ನೆ: ಚಳಿಗಾಲದಲ್ಲಿ ಹೋದರೆ ಓಟ ಸಿಗುತ್ತದೆಯೇ?
– ಓದುಗರೊಬ್ಬರು, ಅಥಣಿ

ಉತ್ತರ: ಹಿಮ ಬೀಳುವ ನಡುಚಳಿಗಾಲದಲ್ಲಿ ಹೋಗದಿರುವುದು ಲೇಸು. ಆಗ ಕ್ಯಾಸಿನೊದ ಒಳಗೆ ಕುಳಿತು ಬೇರೆ ಊರುಗಳ ಓಟಗಳನ್ನು ಪರದೆಯ ಮೇಲೆ ನೋಡಬೇಕಾಗುತ್ತದೆ.

ಪ್ರಶ್ನೆ: ಪಣಜಿಯಲ್ಲಿ ಮಾಂಡವಿ ನದಿಯ ಹಡಗುಗಳಲ್ಲಿರುವ ಕ್ಯಾಸಿನೊಗಳನ್ನು ನೋಡಿದ್ದೇನೆ. ದ್ವೀಪದ್ದೂ ಹಾಗೆಯೇ ಇದೆಯೇ? ಅಲ್ಲಿ ಗೆದ್ದ ಹಣಕ್ಕೆ ಇಲ್ಲಿ ತೆರಿಗೆ ಇದೆಯೇ?
– ವ್ಯಾಪಾರಿಯೊಬ್ಬರು, ಬೆಳಗಾವಿ

ಉತ್ತರ: ಪಣಜಿಯ ಆಡಂಬರವನ್ನು ಅಲ್ಲಿ ನಿರೀಕ್ಷಿಸಬೇಡಿ. ಷಾರ್ಲಟ್‌ಟೌನಿನಲ್ಲಿ ಸ್ಲಾಟ್ ಯಂತ್ರಗಳೂ ಕೆಲವು ಇಸ್ಪೀಟು ಮೇಜುಗಳೂ ಇವೆ. ಯಾವ ಊರಿನ ಕ್ಯಾಸಿನೊ ಆದರೂ ಲೆಕ್ಕ ಒಂದೇ: ತಿರುಗುವ ಚಕ್ರದಲ್ಲಿ ಚೆಂಡು ನಿಲ್ಲುವ ಮನೆಯ ಮೇಲೆ ಪಣ ಕಟ್ಟುವ ರೂಲೆಟ್ ಆಟದಲ್ಲಿ, ಚಕ್ರಕ್ಕೆ 37 ಮನೆಗಳಿದ್ದರೆ ಹೂಡಿದ ಪ್ರತಿ ನೂರಕ್ಕೆ ಸರಾಸರಿ 2.7, 38 ಮನೆಗಳಿದ್ದರೆ 5.26 ಮಾಲೀಕರ ಪಾಲಾಗುತ್ತದೆ. ಓಟದ ಪಣ ಬೇರೆ ಬಗೆಯದು. ಅಲ್ಲಿ ಜನರು ಕಟ್ಟಿದ ಹಣವೆಲ್ಲ ಒಂದು ಗಂಟಾಗಿ, ಸಂಸ್ಥೆಯ ಮತ್ತು ಸರ್ಕಾರದ ಪಾಲು ಕಳೆದು, ಉಳಿದದ್ದು ಗೆದ್ದವರಿಗೆ ಹಂಚಿಕೆಯಾಗುತ್ತದೆ. ಪ್ರತಿ ಪಣದ ಒಂದು ಸಣ್ಣ ಪಾಲು ಇದರ ಮೇಲ್ವಿಚಾರಣೆ ನಡೆಸುವ ಕೇಂದ್ರ ಸಂಸ್ಥೆಗೆ ಹೋಗುತ್ತದೆ. ವಿನ್ ಎಂದರೆ ಮೊದಲನೆಯ ಸ್ಥಾನ, ಪ್ಲೇಸ್ ಎಂದರೆ ಮೊದಲ ಎರಡರಲ್ಲಿ ಒಂದು, ಶೋ ಎಂದರೆ ಮೊದಲ ಮೂರರಲ್ಲಿ ಒಂದು. ನಮ್ಮ ರೇಸ್‌ಕೋರ್ಸ್‌ಗಳ ಪ್ಲೇಸ್ ಲೆಕ್ಕವನ್ನು ಅಲ್ಲಿಗೆ ಹೊಂದಿಸಿಕೊಂಡು ಮೋಸ ಹೋಗಬೇಡಿ. ಪಣ ಕಟ್ಟಲೇಬೇಕೆಂದಿದ್ದರೆ ಆ ಸಂಜೆಗೆಂದು ಸಣ್ಣ ಮೊತ್ತವೊಂದನ್ನು ಬೇರೆಯಾಗಿ ಎತ್ತಿಡಿ, ಅದು ಮುಗಿದ ಮೇಲೆ ಜೇಬಿಗೆ ಕೈ ಹಾಕದೆ ಉಳಿದ ಓಟಗಳನ್ನು ನೋಡಿ.

ಇನ್ನು ತೆರಿಗೆ. ಹವ್ಯಾಸಕ್ಕೆ ಆಡಿದವರ ಗೆಲುವಿಗೆ ಕೆನಡಾ ಆದಾಯ ತೆರಿಗೆ ಹಾಕುವುದಿಲ್ಲ. ಆದರೆ ಭಾರತದ ನಿವಾಸಿಗೆ ಹೊರದೇಶದ ಆದಾಯವೂ ಇಲ್ಲಿಯ ತೆರಿಗೆಗೆ ಒಳಪಡುತ್ತದೆ, ಮತ್ತು ಕುದುರೆ ಓಟ ಹಾಗೂ ಜೂಜಿನ ಗೆಲುವಿಗೆ ನೇರವಾಗಿ ಶೇ. 30ರ ದರದ ಮೇಲೆ ಸೆಸ್ ಸೇರುತ್ತದೆ. ಖರ್ಚನ್ನಾಗಲಿ, ಅದೇ ಸಂಜೆ ಸೋತ ಪಣಗಳನ್ನಾಗಲಿ ಅದರಲ್ಲಿ ಕಳೆಯಲು ಅವಕಾಶವಿಲ್ಲ. ಇನ್ನೊಂದು ಎಚ್ಚರಿಕೆ: ಲಾಟರಿ ಟಿಕೆಟ್, ಸ್ವೀಪ್‌ಸ್ಟೇಕ್ ಮುಂತಾದವುಗಳಿಗಾಗಿ ಇಲ್ಲಿಂದ ಹೊರದೇಶಕ್ಕೆ ಹಣ ಕಳಿಸುವುದನ್ನು ವಿದೇಶಿ ವಿನಿಮಯದ 2000ದ ನಿಯಮಗಳು ನಿಷೇಧಿಸಿವೆ, ಆದ್ದರಿಂದ ಅಲ್ಲಿರುವ ಪರಿಚಯದವರಿಗೆ ಹಣ ಕಳಿಸಿ ತಮ್ಮ ಹೆಸರಿನಲ್ಲಿ ಪಣ ಕಟ್ಟಿಸುವ ವಿಚಾರವಿದ್ದರೆ ದಯವಿಟ್ಟು ಕೈಬಿಡಿ.