ದಿನಾ 10 ಕಿಲೋಮೀಟರ್ ಓಡ್ತೀನಿ. ಕುಕ್ಕೆಯಿಂದ ಕುಮಾರ ಪರ್ವತ ಒಂದೇ ದಿನದಲ್ಲಿ ಹತ್ತಿ ಇಳಿಯಬಹುದಾ? ಯಾವ ಶೂ ತಗೊಳ್ಳಲಿ?

ಮೈಸೂರಿನವರು, ಓಟದ ಅಭ್ಯಾಸ ಇದೆ, ಬೆಟ್ಟ ಹತ್ತಿದ್ದಿಲ್ಲ, ಜನವರಿಯಲ್ಲಿ ಹೋಗಬೇಕು ಅಂತ ಬರೆದಿದ್ದೀರಿ. ಓದ್ತಾ ಓದ್ತಾ ನನಗೆ 27ನೇ ವಯಸ್ಸಿನ ನಾನೇ ಕಣ್ಣ ಮುಂದೆ ಬಂದೆ.

ಆಗ ನಾನು ಹಾಸನದಲ್ಲಿ ಪಿಎಸ್‌ಐ ನೇಮಕಾತಿಗೆ ತಯಾರಿ ಮಾಡ್ತಿದ್ದೆ. ಬೆಳಿಗ್ಗೆ ಐದಕ್ಕೆ ಕ್ರೀಡಾಂಗಣದಲ್ಲಿರ್ತಿದ್ದೆ. ದೈಹಿಕ ಪರೀಕ್ಷೆಗೆ ಇನ್ನು ಮೂರು ವಾರ ಇತ್ತು. ಗೆಳೆಯರಿಬ್ಬರು ಕುಮಾರ ಪರ್ವತಕ್ಕೆ ಹೊರಟಿದ್ರು, ನನಗೂ ಓಟಕ್ಕೆ ಒಳ್ಳೇ ತಯಾರಿ ಆಗುತ್ತೆ ಅಂದುಕೊಂಡು ಬಸ್ಸು ಹತ್ತಿದೆ. ಶಿರಾಡಿ ಘಾಟಿ ಇಳಿದು ಗುಂಡ್ಯದ ಮೇಲೆ ಕುಕ್ಕೆ ಸೇರಿ, ರಾತ್ರಿ ಅಲ್ಲೇ ಉಳಿದು, ಬೆಳಕು ಹರಿಯುವ ಮುಂಚೆ ದೇವರಗದ್ದೆ ಕಡೆಯಿಂದ ಕಾಡಿಗೆ ಕಾಲಿಟ್ಟೆವು.

ಹತ್ತುವಾಗ ನನ್ನನ್ನ ಹಿಡಿಯೋರೇ ಇರಲಿಲ್ಲ. ಕಾಡಿನ ಏರು, ಆಮೇಲೆ ಗಿರಿಗದ್ದೆ, ಭಟ್ಟರ ಮನೆ, ಅರಣ್ಯ ಇಲಾಖೆಯ ಚೆಕ್‌ಪೋಸ್ಟ್. ಅಲ್ಲಿಂದ ಮೇಲೆ ನೆರಳಿಲ್ಲದ ಹುಲ್ಲುಗಾವಲು, ಕಲ್ಲುಮಂಟಪ, ಶೇಷ ಪರ್ವತ, ಮತ್ತೆ ಒಂದು ತುಂಡು ಕಾಡು, ಕೊನೆಗೆ ಕೈಯೂರಿ ಹತ್ತುವ ಬಂಡೆ. ಮಧ್ಯಾಹ್ನ ಹನ್ನೆರಡಕ್ಕೆಲ್ಲ ತುದಿಯಲ್ಲಿದ್ದೆ. ಗೆಳೆಯರು ಮುಕ್ಕಾಲು ಗಂಟೆ ತಡವಾಗಿ ಬಂದರು. ಹಾಸನದ ಬಸ್ಸು ಸಂಜೆಗಿತ್ತು. ಇಳಿಯೋದು ತಾನೆ, ಅರ್ಧ ಹೊತ್ತು ಸಾಕು ಅಂದೆ.

ನಾನು ಮಾಡಿದ ತಪ್ಪು ಈ ಒಂದೇ ಮಾತು. ಇದನ್ನ ಬಿಡಿಸಿ ಹೇಳ್ತೀನಿ, ದಯವಿಟ್ಟು ಬೇಜಾರು ಮಾಡ್ಕೋಬೇಡಿ.

ಕುಕ್ಕೆ ಇರೋದು ಸಮುದ್ರಮಟ್ಟದಿಂದ ನೂರು ಚಿಲ್ಲರೆ ಮೀಟರ್ ಎತ್ತರದಲ್ಲಿ. ಕುಮಾರ ಪರ್ವತದ ತುದಿ 1,712 ಮೀಟರ್. ಅಂದರೆ ಹತ್ತಿರ ಹತ್ತಿರ 1,600 ಮೀಟರ್ ಹತ್ತಬೇಕು, ಅದೇ ದಿನ ಅಷ್ಟನ್ನೂ ಇಳಿಯಬೇಕು. ನಿಮ್ಮ ಚಾಮುಂಡಿ ಬೆಟ್ಟ ಊರಿನಿಂದ 300 ಮೀಟರಿನ ಆಸುಪಾಸು ಎತ್ತರ ಇದೆ. ಅಂಥ ಐದು ಬೆಟ್ಟ ಒಂದರ ಮೇಲೊಂದು ಇಟ್ಟು, ಮೆಟ್ಟಿಲನ್ನೆಲ್ಲ ಕಿತ್ತು, ಬೇರು, ಜಲ್ಲಿ, ಒಣ ಎಲೆ ಹರಡಿದ್ದಾರೆ ಅಂದುಕೊಳ್ಳಿ.

ಹತ್ತುವಾಗ ತೊಡೆಯ ಸ್ನಾಯು ಕುಗ್ಗಿ ದೇಹವನ್ನ ಮೇಲೆತ್ತುತ್ತೆ. ಇಳಿಯುವಾಗ ಅದೇ ಸ್ನಾಯು ಭಾರ ಹೊತ್ತುಕೊಂಡೇ ಹಿಗ್ಗಬೇಕು, ಪ್ರತಿ ಹೆಜ್ಜೆಗೂ ಬ್ರೇಕ್ ಹಿಡಿಯಬೇಕು. ಸಮತಟ್ಟು ನೆಲದಲ್ಲಿ ಎಷ್ಟು ಓಡಿದ್ರೂ ಈ ಕೆಲಸ ಕಾಲಿಗೆ ಅಷ್ಟಾಗಿ ರೂಢಿ ಆಗಲ್ಲ. ಅದಕ್ಕಿಂತ ಮೋಸದ ವಿಷಯ ಅಂದ್ರೆ, ಇಳಿಯುವಾಗ ಏದುಸಿರು ಬರಲ್ಲ. ಓಡೋರಿಗೆ ಉಸಿರೇ ಗಡಿಯಾರ. ಉಸಿರು ಸರಿ ಇದ್ರೆ ನಾನು ಸರಿ ಇದ್ದೀನಿ ಅಂತ ನಂಬಿರ್ತೀವಿ. ನನಗೆ ಉಸಿರು ಚೆನ್ನಾಗೇ ಇತ್ತು, ತೊಡೆ ಮಾತ್ರ ಶೇಷ ಪರ್ವತ ದಾಟುವಷ್ಟರಲ್ಲೇ ಸೋತಿತ್ತು. ತೊಡೆ ಬ್ರೇಕ್ ಹಿಡಿಯೋದು ಬಿಟ್ಟ ಮೇಲೆ ಪ್ರತಿ ಹೆಜ್ಜೆಯ ಪೆಟ್ಟೂ ನೇರವಾಗಿ ಮಂಡಿಗೆ.

ಗಿರಿಗದ್ದೆಯಿಂದ ಕೆಳಗೆ ನಾನು ಓಡೋಕೆ ಶುರು ಮಾಡಿದೆ. ಕಾಡಿನೊಳಗೆ ಒಬ್ಬರು ವಯಸ್ಸಾದವರು ಖಾಲಿ ಗೋಣಿಚೀಲ ಮಡಚಿ ಹೆಗಲಿಗೆ ಹಾಕ್ಕೊಂಡು ಇಳೀತಾ ಇದ್ರು. ಕಾಲಲ್ಲಿ ಹವಾಯಿ ಚಪ್ಪಲಿ. ನೆಟ್ಟಗೆ ಇಳೀತಿರಲಿಲ್ಲ ಅವರು, ದಾರಿಯ ಆ ಅಂಚಿಗೊಮ್ಮೆ ಈ ಅಂಚಿಗೊಮ್ಮೆ, ಮಂಡಿ ಸ್ವಲ್ಪ ಬಾಗಿಸಿಕೊಂಡು, ಗೇಣಿಗೊಂದು ಹೆಜ್ಜೆ. ಪಕ್ಕದಲ್ಲಿ ನಾನು ದಾಟಿ ಹೋಗುವಾಗ, "ಓಡ್ಬೇಡಿ ಮಾರಾಯ್ರೆ, ಮೊಣಗಂಟು ಒಮ್ಮೆ ಹೋದ್ರೆ ಹೋಯ್ತು" ಅಂದ್ರು. ನಾನು ಬಸ್ಸಿದೆ ಅಜ್ಜ ಅಂತ ಕೂಗಿ ಮುಂದೆ ಹೋದೆ.

ಹದಿನೈದು ನಿಮಿಷ ಆಗಿರಬೇಕು. ಎಡಮಂಡಿಯ ಹೊರಗಡೆ ಕಾದ ತಂತಿ ಎಳೆದ ಹಾಗಾಯ್ತು. ನಿಂತರೆ ಏನೂ ಇಲ್ಲ, ಕೆಳಗೆ ಹೆಜ್ಜೆ ಇಟ್ಟರೆ ಜೀವ ಹೋಗುತ್ತೆ. ಉಳಿದ ದಾರಿಯನ್ನ ಪಕ್ಕಕ್ಕೆ ತಿರುಗಿ, ಮರ ಹಿಡಿದು, ಒಂದೊಂದೇ ಹೆಜ್ಜೆ ಇಳಿದೆ. ಆ ಅಜ್ಜ ನನ್ನನ್ನ ದಾಟಿ ಹೋದ್ರು. ಒಂದು ಕಡ್ಡಿ ಮುರಿದು ಕೈಗೆ ಕೊಟ್ಟು ಹೋದ್ರು, ಬೇರೇನೂ ಅನ್ನಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಕಾಲುಚೀಲ ಬಿಚ್ಚಿದಾಗ ಎರಡು ಹೆಬ್ಬೆರಳಿನ ಉಗುರೂ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ವು. ಹತ್ತುವಾಗ ಕಟ್ಟಿದ ಸಡಿಲ ಲೇಸಿನಲ್ಲೇ ಇಳಿದಿದ್ದೆ. ಪಾದ ಮುಂದಕ್ಕೆ ಜಾರಿ ಜಾರಿ ಸಾವಿರಾರು ಸಲ ಶೂ ತುದಿಗೆ ಬಡಿದಿತ್ತು. ಅದು ವಾಸಿ ಆಯ್ತು ಬಿಡಿ. ಮಂಡಿ ಆಗಲಿಲ್ಲ. ಮೂರು ವಾರ ಆದ ಮೇಲೆ ಬ್ಯಾಂಡೇಜ್ ಸುತ್ತಿಕೊಂಡು ದೈಹಿಕ ಪರೀಕ್ಷೆಗೆ ಹೋದೆ. ಮೂರನೇ ಸುತ್ತಿನಲ್ಲಿ ಕಾಲು ನಿಂತೇ ಹೋಯ್ತು. ಮುಂದಿನ ಅಧಿಸೂಚನೆ ಬರೋ ಹೊತ್ತಿಗೆ ನನ್ನ ವಯೋಮಿತಿ ಮೀರಿತ್ತು. ನನ್ನ ಅಪ್ಪ ಆ ಸಮವಸ್ತ್ರ ನೋಡಬೇಕು ಅಂತ ತುಂಬಾ ಆಸೆ ಇಟ್ಟುಕೊಂಡಿದ್ರು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಒಂದೇ ದಿನದಲ್ಲಿ ಆಗುತ್ತಾ ಅಂತ ಕೇಳಿದ್ರೆ ಆಗುತ್ತೆ, ಎಷ್ಟೋ ಜನ ಮಾಡ್ತಾರೆ. ಆದ್ರೆ ಮೊದಲ ಬೆಟ್ಟವಾಗಿ, ಅದೂ ಕುಕ್ಕೆ ಕಡೆಯಿಂದ, ಬೇಡ. ಸೋಮವಾರಪೇಟೆ ಕಡೆ ಬೀದಳ್ಳಿಯಿಂದ ಹತ್ತಿ, ಅದೇ ದಾರಿಯಲ್ಲಿ ಇಳಿಯಿರಿ. ಅಲ್ಲಿ ಶುರುವಾಗೋದೇ ಎತ್ತರದಿಂದ, ದೂರ ಹೆಚ್ಚುಕಡಿಮೆ ಅರ್ಧ. ಹತ್ತಿರದಲ್ಲೇ ಮಲ್ಲಳ್ಳಿ ಜಲಪಾತವೂ ಇದೆ, ಇದೇ ಬೆಟ್ಟದ ಕುಮಾರಧಾರೆ ಅಲ್ಲಿ ಧುಮುಕುತ್ತೆ. ಕುಕ್ಕೆ ದಾರಿ ಕಡಿಮೆ ಮರ್ಯಾದೆಯದ್ದಲ್ಲ, ಅದು ಎರಡನೇ ವರ್ಷಕ್ಕಿರಲಿ. ನಾನು ಆರು ವರ್ಷ ಬಿಟ್ಟು ಬೀದಳ್ಳಿ ಕಡೆಯಿಂದ ಕೋಲು ಹಿಡಿದು ಹೋಗಿ ಬಂದೆ, ಮಂಡಿ ಒಂದು ಮಾತೂ ಆಡಲಿಲ್ಲ.

ಎರಡೂ ಕಡೆ ಇದು ಪುಷ್ಪಗಿರಿ ವನ್ಯಜೀವಿಧಾಮ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಸಾವಿರಾರು ಜನ ಒಟ್ಟಿಗೇ ನುಗ್ಗಿದ ಮೇಲೆ ದಿನಕ್ಕೆ 300 ಜನ ಅಂತ ಮಿತಿ ಬಂತು, ಆನ್‌ಲೈನ್ ಬುಕಿಂಗ್ ಇಲ್ಲದೆ ಬಿಡಲ್ಲ. ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣ ನೋಡಿಕೊಂಡೇ ದಿನ ಗೊತ್ತುಮಾಡಿ. ಆ ರಜೆಯ ವಾರ ಮಾತ್ರ ಬೇಡ, ಬಂಡೆಯ ಮೇಲೆ ಸಾಲುಗಟ್ಟಿ ನಿಂತು ಕಾಯೋದರಲ್ಲೇ ನೀರು ಖಾಲಿ ಆಗುತ್ತೆ. ಕುಕ್ಕೆ ಕಡೆಯ ಕಲ್ಲುಮಂಟಪದ ಹತ್ತಿರದ ನೀರು ಬೇಸಿಗೆ ಬರ್ತಿದ್ದ ಹಾಗೆ ಬತ್ತುತ್ತೆ. ಯಾವ ಕಡೆಯಿಂದ ಹೋದ್ರೂ ತಲೆಗೆ ಮೂರು ಲೀಟರ್ ಕೆಳಗಿನಿಂದಲೇ ಹೊತ್ಕೊಂಡು ಹೋಗಿ. ಅದರಲ್ಲಿ ಒಂದು ಲೀಟರ್ ಇಳಿಯೋದಕ್ಕೆ ಅಂತ ಬೇರೆ ಬಾಟಲಿಯಲ್ಲಿ ಇಡಿ, ತುದಿ ಮುಟ್ಟೋವರೆಗೂ ಮುಚ್ಚಳ ತೆಗೀಬೇಡಿ.

ಇವತ್ತಿನಿಂದ ಜನವರಿವರೆಗೆ ವಾರಕ್ಕೆರಡು ದಿನ ಓಟ ಬಿಟ್ಟು ಚಾಮುಂಡಿ ಬೆಟ್ಟದ ಮೆಟ್ಟಿಲಿಗೆ ಹೋಗಿ. ಹತ್ತೋದು ಹೇಗಾದ್ರೂ ಹತ್ತಿ, ಇಳಿಯುವಾಗ ಮಾತ್ರ ನಿಧಾನ, ಹಿಮ್ಮಡಿ ಬಡೀದ ಹಾಗೆ. ಮೊದಲ ಸಲ ಮಾರನೇ ದಿನ ತೊಡೆ ಹಿಡಿದುಕೊಳ್ಳುತ್ತೆ. ನಾಲ್ಕನೇ ವಾರಕ್ಕೆ ಆ ನೋವು ಬಹಳ ಕಡಿಮೆ ಆಗಿರುತ್ತೆ. ಆಗಿಲ್ಲ ಅಂದ್ರೆ ಬುಕಿಂಗ್ ಮುಂದಕ್ಕೆ ಹಾಕಿ.

ಶೂ ಕೇಳಿದ್ರಿ. ಹೊಸದು ಬೇಡ. ಅಡಿಯ ಹಲ್ಲು ಸವೆದಿಲ್ಲದಿದ್ರೆ ಈಗ ಹಾಕ್ತಿರೋದೇ ಸಾಕು, ಹೆಬ್ಬೆರಳಿನ ಮುಂದೆ ಒಂದು ಬೆರಳಗಲ ಜಾಗ ಇದೆಯಾ ನೋಡಿ. ಎರಡು ದಿನ ಮುಂಚೆ ಉಗುರು ಕತ್ತರಿಸಿ. ತುದಿಯಲ್ಲಿ ಫೋಟೋ ತೆಗೆಸಿಕೊಳ್ಳೋಕೆ ಮುಂಚೆ ಕೂತು ಲೇಸು ಪೂರ್ತಿ ಬಿಚ್ಚಿ, ಹಿಮ್ಮಡಿಯನ್ನ ಹಿಂದಕ್ಕೆ ಒತ್ತಿ, ಕಣಕಾಲಿನ ಹತ್ತಿರ ಬಿಗಿಯಾಗಿ ಕಟ್ಟಿಕೊಂಡು ಆಮೇಲೆ ಏಳಿ.