ಗೀಸರ್ ಸೋರುತ್ತಿದೆಯಾ? ಎಲ್ಲಿಂದ ಅಂತ ಮೊದಲು ನೋಡಿ

ಪ್ರಶ್ನೆ: ನಾಪೋಕ್ಲು ಹತ್ತಿರ ನಮ್ಮ ತೋಟದ ಮನೆ. ಬಚ್ಚಲಿನ 25 ಲೀಟರ್ ಗೀಸರ್ ಆನ್ ಮಾಡಿ ಸ್ವಲ್ಪ ಹೊತ್ತಾದರೆ ಕೆಳಗಿನ ವಾಲ್ವ್‌ನಿಂದ ತೊಟ್ಟು ತೊಟ್ಟಾಗಿ ನೀರು ಬೀಳುತ್ತಿತ್ತು. ಪ್ಲಂಬರ್ ಬಂದು ವಾಲ್ವ್ ಬಾಯಿಗೆ ಡಮ್ಮಿ (ಮುಚ್ಚುವ ಬಿರಡೆ) ಹಾಕಿ ಹೋದರು. ನೀರು ನಿಂತಿದೆ. ಆದರೆ ಒಳಗೆ ಟಕ್ ಟಕ್ ಅಂತ ಸದ್ದು ಬರುತ್ತೆ ಅಂತ ಅತ್ತೆಗೆ ಭಯ. ತೊಂದರೆ ಏನೂ ಇಲ್ಲ ಅಲ್ವಾ?

ಉತ್ತರ: ಇದೆ ಅಕ್ಕಾ. ಮೊದಲು ಎದ್ದು ಹೋಗಿ ಗೀಸರ್ ಆಫ್ ಮಾಡಿ, ಡಮ್ಮಿ ತೆಗೆಸುವ ತನಕ ಯಾರೂ ಆನ್ ಮಾಡದಂತೆ ನೋಡಿಕೊಳ್ಳಿ. ಅತ್ತೆಯವರು ಕೇಳಿದ ಸದ್ದು ಬಿಸಿಗೆ ಲೋಹ ಹಿಗ್ಗುವಾಗ ಬರುವಂಥದ್ದೂ ಇರಬಹುದು, ಅದಕ್ಕೆ ಅಷ್ಟು ಹೆದರಬೇಕಿಲ್ಲ. ಹೆದರಬೇಕಾದದ್ದು ಆ ಡಮ್ಮಿಗೆ.

ನೀರು ಬಿಸಿಯಾದರೆ ಹಿಗ್ಗುತ್ತದೆ. 20 ಡಿಗ್ರಿಯ 25 ಲೀಟರ್ ನೀರನ್ನು 60 ಡಿಗ್ರಿಗೆ ಕಾಯಿಸಿದರೆ ಸುಮಾರು 375 ಮಿಲಿ ಲೀಟರ್ ಹೆಚ್ಚಾಗುತ್ತದೆ, ಅಂದರೆ ಒಂದೆರಡು ಲೋಟ. ಹಳೆಯ ಬಚ್ಚಲುಮನೆಯ ಹಂಡೆಗೆ ಬಾಯಿ ತೆರೆದೇ ಇರುತ್ತೆ, ಅಲ್ಲಿ ಇದೊಂದು ವಿಷಯವೇ ಅಲ್ಲ. ಗೀಸರ್ ಮುಚ್ಚಿದ ಡಬ್ಬ. ತಣ್ಣೀರು ಒಳಗೆ ಬರುವ ಕಡೆ ಹಾಕಿರುವ ವಾಲ್ವ್ ನೀರನ್ನು ಹಿಂದಕ್ಕೆ ಬಿಡುವುದಿಲ್ಲ, ಬಿಸಿನೀರಿನ ನಲ್ಲಿ ಮುಚ್ಚಿರುತ್ತೆ, ಹಾಗಾಗಿ ಹೆಚ್ಚಾದ ಒಂದೆರಡು ಲೋಟ ಹೊರಗೆ ಬರಲು ಉಳಿದ ದಾರಿ ನಿಮ್ಮ ಪ್ಲಂಬರ್ ಡಮ್ಮಿ ಹಾಕಿದ ಆ ಸೇಫ್ಟಿ ವಾಲ್ವ್ ಒಂದೇ. ಕಾಯುವಾಗ ತೊಟ್ಟಿಕ್ಕಿ, ಕಾದು ಮುಗಿದ ಮೇಲೆ ನಿಲ್ಲುತ್ತಿದ್ದರೆ ಅದು ಸೋರಿಕೆಯೇ ಅಲ್ಲ. ವಾಲ್ವ್ ಸರಿಯಾಗಿ ಕೆಲಸ ಮಾಡುತ್ತಿದೆ ಅಂತ ಅರ್ಥ.

ಆ ದಾರಿ ಮುಚ್ಚಿದರೆ ಒತ್ತಡವೆಲ್ಲ ಟ್ಯಾಂಕಿನ ಮೇಲೆ ಬೀಳುತ್ತದೆ. ನೀರು ಸಾಕಷ್ಟು ಕಾದ ಮೇಲೆ ಕಾಯಿಸುವುದನ್ನು ನಿಲ್ಲಿಸುವ ಥರ್ಮೋಸ್ಟಾಟ್ ಚೆನ್ನಾಗಿರುವ ತನಕ ದಿನ ಹೇಗೋ ಕಳೆಯುತ್ತೆ. ಅದೂ ಕೈಕೊಟ್ಟು, ಕರೆಂಟ್ ಕಡಿಯಬೇಕಾದ ಕಟ್‌ಔಟ್ ಕೂಡ ಕೆಲಸ ಮಾಡದಿದ್ದರೆ ನೀರು 100 ಡಿಗ್ರಿ ದಾಟಿಯೂ ಕಾಯುತ್ತಲೇ ಇರುತ್ತದೆ. ಆಗ ಟ್ಯಾಂಕ್ ಒಡೆದರೆ ನೀರಿನ ಒಂದು ಭಾಗ ಒಮ್ಮೆಲೇ ಆವಿಯಾಗಿ ನುಗ್ಗುತ್ತೆ, ಬಚ್ಚಲ ಗೋಡೆ ನಿಲ್ಲುವುದೂ ಕಷ್ಟ. ಪ್ಲಂಬರ್ ಅವರ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ, ನೀರು ನಿಲ್ಲಿಸಿ ಅಂತ ಕರೆದಿರಿ, ಅವರು ನಿಲ್ಲಿಸಿದರು. ವಾಪಸ್ ಕರೆಸಿ, ಡಮ್ಮಿ ತೆಗೆಸಿ, ಅದೇ ಬಾಯಿಗೆ ಒಂದು ಸಣ್ಣ ಪೈಪ್ ಹಾಕಿಸಿ ಮೋರಿಯ ಹತ್ತಿರ ಇಳಿಬಿಡಲು ಹೇಳಿ. ಪೈಪ್ ಕೆಳಮುಖವಾಗಿರಲಿ, ತುದಿ ತೆರೆದಿರಲಿ.

ಪ್ರಶ್ನೆ: ನಮ್ಮದು ಸೋಮವಾರಪೇಟೆ ಕಡೆ. ಗೀಸರ್ ಆಫ್ ಇದ್ದರೂ ವಾಲ್ವ್ ಹಗಲು ರಾತ್ರಿ ತೊಟ್ಟಿಕ್ಕುತ್ತದೆ. ಮಳೆ ಶುರುವಾದ ಮೇಲೆ ಜಾಸ್ತಿಯಾಗಿದೆ.

ಉತ್ತರ: ಇದು ಬೇರೆ ಕಥೆ. ನಿಮ್ಮದು ಒರತೆಯ ಅಥವಾ ತೋಡಿನ ನೀರಾದರೆ ಮಳೆಗಾಲದಲ್ಲಿ ಮರಳು, ಕೆಸರು ಪೈಪಿನಲ್ಲಿ ಬಂದೇ ಬರುತ್ತೆ. ವಾಲ್ವ್ ಒಳಗೆ ಒಂದು ಮರಳಿನ ಕಾಳು ಸಿಕ್ಕಿಕೊಂಡರೂ ಬಾಯಿ ಪೂರ್ತಿ ಮುಚ್ಚುವುದಿಲ್ಲ. ಗೀಸರ್ ಆಫ್ ಮಾಡಿ, ನೀರು ತಣ್ಣಗಾದ ಮೇಲೆ ವಾಲ್ವಿನ ಲಿವರ್ ಎರಡು ಮೂರು ಸಲ ಎತ್ತಿ ಬಿಡಿ, ನೀರು ರಭಸವಾಗಿ ಬಂದು ಕಸ ತೊಳೆದುಕೊಂಡು ಹೋಗುತ್ತದೆ. ಹಾಗೂ ನಿಲ್ಲದಿದ್ದರೆ ವಾಲ್ವ್ ಬದಲಿಸಿ. ಮನೆಗೆ ನೀರು ಕೊಡುವ ಟ್ಯಾಂಕಿನಿಂದ ಬರುವ ಲೈನಿಗೆ ಒಂದು ಜಾಲರಿ ಫಿಲ್ಟರ್ ಹಾಕಿಸದಿದ್ದರೆ ಹೊಸ ವಾಲ್ವಿಗೂ ಇದೇ ಗತಿ.

ಇನ್ನೊಂದು ವಿಷಯ ನಮ್ಮ ಗುಡ್ಡದ ಮನೆಗಳಲ್ಲಿ ಮಾತ್ರ ಬರುವಂಥದ್ದು. ಮನೆಗೆ ನೀರು ಕೊಡುವ ಟ್ಯಾಂಕ್ ಎಲ್ಲಿದೆ? ತಾರಸಿ ಮೇಲಿದ್ದರೆ ಯೋಚನೆ ಇಲ್ಲ. ತೋಟದ ಮೇಲಿನ ದಿಣ್ಣೆಯಲ್ಲಿದ್ದರೆ ನೆಟ್ಟಗೆ 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ ಅಂತ ಲೆಕ್ಕ ಹಾಕಿ, 40 ಮೀಟರ್ ಮೇಲಿದ್ದರೆ 4 ಬಾರ್. ಗೀಸರ್ ತಡೆಯುವ ಒತ್ತಡ ಎಷ್ಟು ಅಂತ ಅದರ ಮೈಮೇಲೆ ಬರೆದಿರುತ್ತೆ, ಹೆಚ್ಚಿನವಕ್ಕೆ 8 ಬಾರ್. ಲೈನಿನ ಒತ್ತಡ ಅದರ ಹತ್ತಿರ ಬಂದರೆ ಒತ್ತಡ ತಗ್ಗಿಸುವ ವಾಲ್ವ್ ಹಾಕಿಸಲೇಬೇಕು.

ಪ್ರಶ್ನೆ: ಮಡಿಕೇರಿಯಲ್ಲಿ ಬಾಡಿಗೆ ಮನೆ, ಹಳೆಯ ಗೀಸರ್. ಅಡಿಯ ಮುಚ್ಚಳದಿಂದ ತುಕ್ಕು ಬಣ್ಣದ ನೀರು ಬರುತ್ತದೆ. ಮೊನ್ನೆ ನಲ್ಲಿ ಮುಟ್ಟಿದಾಗ ಕೈ ಜುಂ ಅಂತು. ಎಂ-ಸೀಲ್ ಹಚ್ಚಿದರೆ ಸಾಕು ಅಂತಾರೆ ಓನರ್.

ಉತ್ತರ: ಸಾಕಾಗಲ್ಲ. ಎಂ-ಸೀಲ್ ಹೊರಗಿನ ತಗಡಿಗೆ ಅಂಟುತ್ತದೆ, ಸೋರುತ್ತಿರುವುದು ಒಳಗಿನಿಂದ. ಕೈ ಜುಂ ಅಂದಿದೆ ಅಂದರೆ ಸ್ನಾನದ ಮಾತು ಆಮೇಲೆ. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡಿ, ಬೋರ್ಡಿನಲ್ಲಿ ಎಂಸಿಬಿ ಇಳಿಸಿ. ಆಮೇಲೆ ಗೀಸರಿಗೆ ಹೋಗುವ ತಣ್ಣೀರಿನ ಕಾಕ್ ಮುಚ್ಚಿ. ಎಲೆಕ್ಟ್ರಿಷಿಯನ್ ಬಂದು ಅರ್ತಿಂಗ್ ನೋಡುವ ತನಕ ಸ್ಟೌವಿನಲ್ಲಿ ಕಾಯಿಸಿದ ನೀರೇ ಗತಿ. ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿ ಆಂಪ್‌ನ ಆರ್‌ಸಿಸಿಬಿ ಇಲ್ಲದಿದ್ದರೆ ಈಗಲೇ ಹಾಕಿಸಲು ಹೇಳಿ.

ಮುಚ್ಚಳ ಬಿಚ್ಚಿದರೆ ಎರಡರಲ್ಲೊಂದು ಕಾಣುತ್ತೆ. ನೀರು ಕಾಯಿಸುವ ಕಾಯಿಲ್ ಕೂರಿಸಿದ ಜಾಗದಲ್ಲಿ ನೀರು ಸೋರದಂತೆ ಹಾಕಿರುವ ಗ್ಯಾಸ್ಕೆಟ್ ಹೋಗಿದ್ದರೆ ಸಣ್ಣ ಖರ್ಚು. ಟ್ಯಾಂಕೇ ತೂತಾಗಿದ್ದರೆ ವೆಲ್ಡಿಂಗ್, ಅಂಟು ಅಂತ ಸುಮ್ನೆ ದುಡ್ಡು ಹಾಕಿಸಬೇಡಿ, ಗೀಸರ್ ಮುಗೀತು. ಒಳಗೆ ಗಾಜಿನ ಲೇಪ ಇರುವ ಉಕ್ಕಿನ ಟ್ಯಾಂಕಿನಲ್ಲಿ ಮೆಗ್ನೀಷಿಯಂನ ಒಂದು ಸರಳು ಇರುತ್ತದೆ, ಆನೋಡ್ ರಾಡ್ ಅಂತಾರೆ. ಟ್ಯಾಂಕಿನ ಬದಲು ಅದು ಸವೆಯಲಿ ಅಂತಲೇ ಇಟ್ಟಿರುವುದು. ಅದು ಕರಗಿಹೋದ ಮೇಲೆ ತುಕ್ಕು ಟ್ಯಾಂಕಿಗೆ ತಿರುಗುತ್ತದೆ. ನಮ್ಮ ಮೆದು ನೀರಿನಲ್ಲಿ ಬಯಲುಸೀಮೆಯ ಬೋರ್ ನೀರಿನಷ್ಟು ಬಿಳಿ ಸುಣ್ಣ ಕಟ್ಟುವುದಿಲ್ಲ ಅಂತ ಇಲ್ಲಿ ಯಾರೂ ಗೀಸರ್ ಬಿಚ್ಚಿಸುವುದೇ ಇಲ್ಲ. ವರ್ಷಕ್ಕೊಮ್ಮೆ ಆ ರಾಡ್ ನೋಡಿಸಬೇಕು.

ಓನರ್ ಹತ್ತಿರ ಮಾತಾಡುವಾಗ ಸೋರುವ ವಿಷಯ ಆಮೇಲೆ ಎತ್ತಿ, ಶಾಕ್ ಹೊಡೆದದ್ದನ್ನು ಮೊದಲು ಹೇಳಿ. ಹೊಸ ಗೀಸರ್ ಕೂರಿಸಿದರೆ ಬಿಸಿನೀರಿನ ನಲ್ಲಿ ತೆರೆದಿಟ್ಟು, ಅದರಲ್ಲಿ ನೀರು ಧಾರೆಯಾಗಿ ಬಂದ ಮೇಲಷ್ಟೇ ಸ್ವಿಚ್ ಹಾಕಿ. ಖಾಲಿ ಟ್ಯಾಂಕಿನಲ್ಲಿ ಕಾಯಿಲ್ ಸುಟ್ಟುಹೋದರೆ ವಾರಂಟಿಯಲ್ಲಿ ಕೊಡುವುದಿಲ್ಲ.