ಬಿರುಕಿಗೆ ಸಿಮೆಂಟ್ ಮೆತ್ತೋಕೆ ಮುಂಚೆ

ಕಾಫಿ ಕುಯ್ಲು ಮುಗಿದು ಕಣ ಖಾಲಿ ಆಗಿ ಗುಡಿಸಿ ನೋಡಿದಾಗ್ಲೇ ಎಲ್ಲರಿಗೂ ಬಿರುಕು ಕಣ್ಣಿಗೆ ಬೀಳೋದು. ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಹೆಚ್ಚಿನವು ಕಾಂಕ್ರೀಟ್ ಸೀಳಿದ್ದರ ಬಗ್ಗೆನೇ, ಅದಕ್ಕೆ ಈ ತಿಂಗಳ ಪುಟ ಪೂರ್ತಿ ಅದಕ್ಕೇ ಇಟ್ಟಿದ್ದೀನಿ. ಮುಂಗಾರು ಹಿಡ್ಕೊಂಡ್ರೆ ಅಕ್ಟೋಬರ್ ತನಕ ಯಾವ ರಿಪೇರಿನೂ ನಿಲ್ಲಲ್ಲ, ಮಾಡೋದಿದ್ರೆ ಈಗ್ಲೇ.

ಪ್ರಶ್ನೆ: ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮದು ಸಣ್ಣ ತೋಟ. ನಾಲ್ಕು ವರ್ಷದ ಹಿಂದೆ 40 ಅಡಿ ಉದ್ದ 30 ಅಡಿ ಅಗಲ ಕಾಫಿ ಕಣ ಹಾಕ್ಸಿದ್ವಿ, 4 ಇಂಚು ದಪ್ಪ. ಮೊದಲನೇ ವರ್ಷಾನೇ ನಡುವೆ ಅಡ್ಡಕ್ಕೆ ಬಿರುಕು ಬಂತು. ಪ್ರತಿ ವರ್ಷ ಮೇಸ್ತ್ರಿ ಬಂದು ಸಿಮೆಂಟ್ ಹಾಲು ಸುರಿದು ಹೋಗ್ತಾರೆ, ಮುಂದಿನ ಕುಯ್ಲಿಗೆ ಅದು ಹಪ್ಪಳದ ಥರ ಎದ್ದು ಬರುತ್ತೆ. ಕಾಳು ಸಂದಿಗೆ ಸಿಕ್ಕಿ ಬೂಸ್ಟು ಹಿಡಿಯುತ್ತೆ. ಪೂರ್ತಿ ಒಡೆದು ಹೊಸದು ಹಾಕ್ಸಬೇಕಾ?

ಉತ್ತರ: ಒಡೆಯೋದು ಬೇಡ. ಮೊದಲು ಆ ಬಿರುಕು ಯಾಕೆ ಬಂತು ಅಂತ ತಿಳ್ಕೊಳ್ಳಿ, ಅದು ಗೊತ್ತಾಗದೆ ಮೆತ್ತಿದ್ದು ಯಾವುದೂ ಉಳಿಯಲ್ಲ. ನೀವು ಬರೆದಿರೋದ್ರಲ್ಲಿ ಜಾಯಿಂಟ್, ಅಂದ್ರೆ ಕಾಂಕ್ರೀಟ್ ಅಲ್ಲಾಡೋಕೆ ಬೇಕಂತಲೇ ಕಟ್ ಮಾಡೋ ಗೆರೆ, ಬಿಟ್ಟಿದ್ದಾರೆ ಅನ್ನೋ ಮಾತೇ ಇಲ್ಲ, ನನಗೆ ಅಲ್ಲೇ ಅನುಮಾನ. ಕಾಂಕ್ರೀಟ್ ಒಣಗ್ತಾ ಒಣಗ್ತಾ ಕುಗ್ಗುತ್ತೆ, 40 ಅಡಿ ಉದ್ದಕ್ಕೆ ಲೆಕ್ಕ ಹಾಕಿದ್ರೆ ಮೂರೂವರೆ ಮಿಲಿಮೀಟರ್ ಆಸುಪಾಸು ಬರುತ್ತೆ. ಅದು ಒಂದು ಸಲದ್ದು. ಇನ್ನೊಂದು ದಿನಾ ನಡೆಯೋದು, ಜನವರಿ ಬೆಳಗ್ಗೆ ಮಂಜಲ್ಲಿ ತಣ್ಣಗಿರೋ ಕಣ ಮಧ್ಯಾಹ್ನ ಬರಿಗಾಲಲ್ಲಿ ನಿಲ್ಲೋಕೆ ಆಗದಷ್ಟು ಕಾಯುತ್ತಲ್ಲ, 20 ಡಿಗ್ರಿ ವ್ಯತ್ಯಾಸ ಇದ್ರೆ ಅದೇ 40 ಅಡಿ ಸುಮಾರು ಎರಡೂವರೆ ಮಿಲಿಮೀಟರ್ ಹಿಗ್ಗಿ ರಾತ್ರಿ ಮತ್ತೆ ಕುಗ್ಗುತ್ತೆ. ಇಷ್ಟು ಅಲ್ಲಾಡೋಕೆ ನಾವು ಜಾಗ ಬಿಡದೇ ಇದ್ರೆ ಕಾಂಕ್ರೀಟ್ ತಾನೇ ಒಂದು ಜಾಗ ಮಾಡ್ಕೊಳ್ಳುತ್ತೆ, ಅದೇ ನಿಮ್ಮ ಬಿರುಕು. 4 ಇಂಚಿನ ಕಣಕ್ಕೆ 8ರಿಂದ 10 ಅಡಿಗೊಂದು ಜಾಯಿಂಟ್ ಇರಬೇಕಿತ್ತು, ದಪ್ಪದ ಕಾಲುಭಾಗ ಆಳಕ್ಕೆ, ಅಂದ್ರೆ 1 ಇಂಚು, ಹಾಕಿದ ಮಾರನೇ ದಿನದೊಳಗೆ ಕಟ್ ಮಾಡಿ.

ಒಂದು ಕೆಲಸ ಮಾಡಿ. ಬೆಳಗ್ಗೆ ಆರೂವರೆಗೆ ಹೋಗಿ ಹಳೇ ಎಟಿಎಂ ಕಾರ್ಡನ್ನ ಬಿರುಕಿಗೆ ತೂರಿಸಿ ನೋಡಿ, ಕಾರ್ಡಿನ ದಪ್ಪ ಮುಕ್ಕಾಲು ಮಿಲಿಮೀಟರ್ ಇರುತ್ತೆ. ಅದೇ ಜಾಗದಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಮತ್ತೆ ತೂರಿಸಿ. ಬೆಳಗ್ಗೆ ಸಲೀಸಾಗಿ ಇಳಿದ ಕಾರ್ಡ್ ಮಧ್ಯಾಹ್ನ ಇಳಿಯದೇ ಇದ್ರೆ ಅದು ಅಲ್ಲಾಡ್ತಿರೋ ಬಿರುಕು, ಅದಕ್ಕೆ ಸಿಮೆಂಟ್ ಯಾವತ್ತೂ ಆಗಲ್ಲ. ಸಿಮೆಂಟ್ ಒತ್ತಿದ್ರೆ ತಡ್ಕೊಳ್ಳುತ್ತೆ, ಎಳೆದ್ರೆ ತಡ್ಕೊಳ್ಳಲ್ಲ. ಅಂಥಾ ಕಡೆ ಗ್ರೈಂಡರಲ್ಲಿ ಬಿರುಕಿನ ಎರಡೂ ಬದಿ ಗೆರೆ ಹೊಡೆದು 10ರಿಂದ 12 ಮಿಲಿಮೀಟರ್ ಅಗಲದ ನೆಟ್ಟಗಿನ ಕಾಲುವೆ ಮಾಡಿ, ತಳಕ್ಕೆ ಫೋಮ್ ರಾಡ್ ಇಟ್ಟು ಮೇಲೆ ರಬ್ಬರ್ ಥರ ಹಿಗ್ಗೋ ಪಾಲಿಯುರೆಥೇನ್ ಸೀಲಂಟ್ ತುಂಬಬೇಕು, ಅಗಲದ ಅರ್ಧದಷ್ಟು ದಪ್ಪ ಸಾಕು. ಫೋಮ್ ರಾಡ್ ದುಡ್ಡು ಉಳಿಸೋಕೆ ಅಂತ ಹಾಕೋದಲ್ಲ. ಸೀಲಂಟ್ ಎರಡು ಪಕ್ಕಕ್ಕೆ ಮಾತ್ರ ಅಂಟಬೇಕು, ತಳಕ್ಕೂ ಅಂಟಿದ್ರೆ ರಬ್ಬರ್ ಎಳೆಯೋಕೆ ಆಗದೆ ಹರಿಯುತ್ತೆ. ಇದಕ್ಕೆ ಕಾಂಕ್ರೀಟ್ ಪೂರ್ತಿ ಒಣಗಿರಬೇಕು, ಹಿಂದಿನ ದಿನ ಮಳೆ ಬಿದ್ದಿದ್ರೆ ಮುಟ್ಟಬೇಡಿ.

ಅಲ್ಲಾಡ್ತಾ ಇಲ್ಲ ಅಂತಾದ್ರೆ ಸಿಮೆಂಟ್ ಗಾರೆ ಆಗುತ್ತೆ, ಆದ್ರೆ ಹಾಲು ಸುರಿಯೋದಲ್ಲ. ಅದೇ ಥರ ಗ್ರೈಂಡರಲ್ಲಿ 15ರಿಂದ 20 ಮಿಲಿಮೀಟರ್ ಆಳ ನೆಟ್ಟಗೆ ಕಟ್ ಮಾಡಿ, ಇಳಿಜಾರಾಗಿ ಕೆತ್ತಬೇಡಿ, ಅಂಚಿನಲ್ಲಿ ಗಾರೆ ಎಲೆಯಷ್ಟು ತೆಳ್ಳಗಾಗುತ್ತೆ ನೋಡಿ, ನಿಮ್ಮ ಹಪ್ಪಳ ಶುರುವಾಗೋದೇ ಅಲ್ಲಿಂದ. ಧೂಳು ಪೂರ್ತಿ ತೊಳೀರಿ. ಹಿಂದಿನ ರಾತ್ರಿ ನೀರು ಕುಡಿಸಿ ಬೆಳಗ್ಗೆ ನಿಂತ ನೀರೆಲ್ಲ ಬಟ್ಟೆಯಲ್ಲಿ ಒರೆಸಿ, ಕಾಂಕ್ರೀಟ್ ಒಳಗೆ ತೇವ ಇರಬೇಕು ಮೇಲೆ ನೀರು ಹೊಳೀಬಾರದು. ಎಸ್‌ಬಿಆರ್ ಲೇಟೆಕ್ಸ್ ಅಂತ ಹಾರ್ಡ್‌ವೇರ್ ಅಂಗಡಿಯಲ್ಲಿ ಹಾಲಿನ ಬಣ್ಣದ್ದು ಸಿಗುತ್ತೆ, ಡಬ್ಬಿ ಮೇಲಿರೋ ಅಳತೆಗೆ ಸಿಮೆಂಟ್ ಜೊತೆ ಕಲಸಿ ಬ್ರಷ್‌ನಲ್ಲಿ ಬಳಿದು, ಅದು ಇನ್ನೂ ಅಂಟಂಟಾಗಿರುವಾಗ್ಲೇ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆ ಒತ್ತಿ ತುಂಬಿ. ಬಳಿದು ಊಟಕ್ಕೆ ಹೋಗಿ ಬಂದು ತುಂಬಿದ್ರೆ ಒಣಗಿದ ಲೇಟೆಕ್ಸ್ ಅಂಟಿಸೋ ಬದ್ಲು ಬಿಡಿಸುತ್ತೆ. ಇದನ್ನ ನಾನು ನನ್ನ ಮನೆ ಕಣದಲ್ಲೇ ಅನುಭವಿಸಿದ್ದೀನಿ, ಆವತ್ತು ಅರ್ಧ ಗಂಟೆ ತಡ ಆಗಿದ್ದಕ್ಕೆ ಪುತ್ತರಿ ಸುಗ್ಗಿಹಬ್ಬದ ಹೊತ್ತಿಗೆ ಇಡೀ ಪಟ್ಟಿ ಕೈಯಲ್ಲೇ ಎದ್ದು ಬಂತು, ಮೇಸ್ತ್ರಿ ತಪ್ಪಲ್ಲ, ಕರೆದವನು ನಾನೇ. ಇನ್ನೊಂದು, ಲೇಟೆಕ್ಸ್ ಹಾಕಿದ ಗಾರೆಗೆ ಒಂದೆರಡು ದಿನ ಒದ್ದೆ ಗೋಣಿ ಸಾಕು, ಆಮೇಲೆ ಒಣಗೋಕೆ ಬಿಡಬೇಕು. ಬರೀ ಸಿಮೆಂಟ್ ಕಾಂಕ್ರೀಟಿಗೆ 7 ದಿನ, ಈಗ ಎಲ್ಲಾ ಕಡೆ ಸಿಗೋ ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟಿಗೆ 10 ದಿನ ನೀರು ಬೇಕು.

ಕೊನೇದಾಗಿ ಕಬ್ಬಿಣದ ಸರಳು ತಗೊಂಡು ಬಿರುಕಿನ ಅಕ್ಕಪಕ್ಕ ತಟ್ಟುತ್ತಾ ಹೋಗಿ. ಟಣ್ ಅಂದ್ರೆ ಗಟ್ಟಿ, ಡೊಳ್ಳು ಥರ ಕೇಳಿದ್ರೆ ಕೆಳಗಿನ ಮಣ್ಣು ಕೂತು ಟೊಳ್ಳಾಗಿದೆ ಅಂತ ಅರ್ಥ. ನಮ್ಮ ಕಡೆ ಕಣ ಮಾಡೋದೇ ಗುಡ್ಡದ ಒಂದು ಬದಿ ಕಡಿದು ಇನ್ನೊಂದು ಬದಿ ತುಂಬಿಸಿ, ತುಂಬಿದ ಮಣ್ಣು ಒಂದೆರಡು ಮಳೆಗಾಲ ಕೂರ್ತಾನೇ ಇರುತ್ತೆ. ಅಂಥ ಕಡೆ ಮಾತ್ರ 10 ಅಡಿ ಚೌಕ ಕತ್ತರಿಸಿ ತೆಗೆದು, 6 ಇಂಚಿಗೊಂದು ಸಲ ಮಣ್ಣು ದಮ್ಮಸ್ ಹೊಡೆದು ಹೊಸದಾಗಿ ಹಾಕಿ, ಉಳಿದಿದ್ದು ಹಾಗೇ ಇರಲಿ. ಗೋಡೌನ್ ಛಾವಣಿ ನೀರು ಕಣದ ಅಂಚಿಗೇ ಬೀಳ್ತಿದ್ಯಾ ನೋಡಿ, ಬೀಳ್ತಿದ್ರೆ ಮೊದಲು ಅದಕ್ಕೆ ಚರಂಡಿ ಮಾಡಿ. ಮತ್ತೆ ಗ್ರೈಂಡರ್ ಹಿಡಿಯೋರಿಗೆ ಮಾಸ್ಕ್ ಕೊಡಿ, ನೀರು ಬಿಟ್ಕೊಂಡೇ ಕಟ್ ಮಾಡ್ಸಿ, ಆ ಧೂಳು ಶ್ವಾಸಕೋಶಕ್ಕೆ ಹೋದ್ರೆ ವಾಪಸ್ ಬರಲ್ಲ.

ಪ್ರಶ್ನೆ: ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಮಷಿನ್) ತೊಟ್ಟಿಯ ಒಳಗೆ ಸಿಮೆಂಟ್ ಎಲ್ಲಾ ಕರಗಿ ಜಲ್ಲಿ ಹೊರಗೆ ಕಾಣ್ತಿದೆ, ಬಿರುಕು ಇಲ್ಲ. ಸಿಮೆಂಟ್ ಕಳಪೆನಾ? – ಪೊನ್ನಂಪೇಟೆ ಕಡೆಯಿಂದ

ಉತ್ತರ: ಸಿಮೆಂಟ್ ತಪ್ಪಲ್ಲ. ಕಾಫಿ ಹಣ್ಣಿನ ಲೋಳೆ ಹುಳಿ ಬಂದ ನೀರು ಆಮ್ಲ, ಪಿಎಚ್ 4ರ ಹತ್ತಿರ ಇಳಿಯುತ್ತೆ, ಸಿಮೆಂಟ್ ಅನ್ನೋದು ಸುಣ್ಣದ ಗುಣದ್ದು, ಹುಳಿ ತಾಗಿದ್ರೆ ಕರಗಲೇಬೇಕು. ಮತ್ತೆ ಸಿಮೆಂಟ್ ಪ್ಲಾಸ್ಟರ್ ಮಾಡಿದ್ರೆ ಅದೂ ಕರಗುತ್ತೆ. ವೈರ್ ಬ್ರಷ್‌ನಲ್ಲಿ ಉಜ್ಜಿ, ಗುಂಡಿಗಳನ್ನ ಗಾರೆಯಲ್ಲಿ ಸಮ ಮಾಡಿ, ಪೂರ್ತಿ ಒಣಗಿದ ಮೇಲೆ ಆಮ್ಲ ತಡೆಯೋ ಎಪಾಕ್ಸಿ ಎರಡು ಕೋಟ್ ಹೊಡೆಸಿ, ಇಲ್ಲ ಅಂದ್ರೆ ಟೈಲ್ಸ್ ಹಾಕಿ ಸಂದಿಗೆ ಎಪಾಕ್ಸಿ ಗ್ರೌಟ್ ತುಂಬಿಸಿ. ಕೆಲಸ ಮುಗಿದ ದಿನವೇ ತೊಟ್ಟಿ ತೊಳೆದು ಖಾಲಿ ಬಿಡಿ, ವಾರಗಟ್ಟಲೆ ನಿಲ್ಲೋ ನೀರೇ ಜಾಸ್ತಿ ತಿನ್ನೋದು.

ಪ್ರಶ್ನೆ: ವಿರಾಜಪೇಟೆಯಲ್ಲಿ ನಮ್ಮದು ಹಳೇ ಆರ್‌ಸಿಸಿ ಮನೆ. ಅಡುಗೆಮನೆ ಸೂರಿನಲ್ಲಿ ಕಂದು ಬಣ್ಣದ ಗೆರೆ ಗೆರೆ ಬಂದಿತ್ತು, ಹೋದ ವಾರ ಒಂದು ತಟ್ಟೆಯಷ್ಟು ಸಿಮೆಂಟ್ ಒಲೆ ಪಕ್ಕ ಬಿತ್ತು, ಒಳಗಿನ ಕಂಬಿ ಕಾಣ್ತಿದೆ. ಪ್ಲಾಸ್ಟರ್ ಮಾಡಿ ಬಣ್ಣ ಹೊಡೆದ್ರೆ ಆಯ್ತು ಅಂತ ಹೇಳ್ತಿದ್ದಾರೆ, ನನಗೆ ಹೆದರಿಕೆ.

ಉತ್ತರ: ಅಕ್ಕ, ನಿಮ್ಮ ಹೆದರಿಕೆ ಸರಿಯಾಗಿದೆ, ಪ್ಲಾಸ್ಟರ್ ಮಾಡಿಸಬೇಡಿ. ಇವತ್ತೇ ಆ ಭಾಗದ ಕೆಳಗೆ ಓಡಾಡೋದು ನಿಲ್ಲಿಸಿ, ಒಲೆ ಬೇರೆ ಕಡೆ ಇಡಿ, ಸೆಂಟ್ರಿಂಗ್‌ನವರ ಹತ್ರ ನಾಲ್ಕು ಪ್ರಾಪ್ (ಆಸರೆ ಕಂಬ) ತಂದು ಹಲಗೆ ಕೊಟ್ಟು ಆನಿಸಿ.

ಆಗಿರೋದು ಇಷ್ಟು. ಹೊಸ ಕಾಂಕ್ರೀಟ್ ಒಳಗೆ ಸುಣ್ಣದ ಗುಣ ಜೋರಾಗಿರುತ್ತೆ, ಪಿಎಚ್ 12, 13, ಅಷ್ಟಿರೋ ತನಕ ಕಂಬಿಗೆ ತುಕ್ಕು ಹಿಡಿಯಲ್ಲ. ಗಾಳಿಯಲ್ಲಿರೋ, ಒಲೆ ಹೊಗೆಯಲ್ಲಿರೋ ಇಂಗಾಲದ ಡೈಆಕ್ಸೈಡ್ ವರ್ಷಗಟ್ಟಲೆ ಒಳಗೆ ಇಳಿದು ಆ ಗುಣ ಕಮ್ಮಿ ಮಾಡ್ತಾ ಬರುತ್ತೆ, ಮೇಲಿಂದ ತಾರಸಿ ಸೋರಿ ತೇವ ಸೇರುತ್ತೆ, ಕಂಬಿ ತುಕ್ಕು ಹಿಡಿಯೋಕೆ ಶುರು. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಂದ ಆರು ಪಟ್ಟು ತನಕ ಜಾಗ ತಗೊಳ್ಳುತ್ತೆ, ಒಳಗಿಂದ ಒತ್ತಿ ಒತ್ತಿ ಕಾಂಕ್ರೀಟನ್ನ ಕೆಳಗೆ ತಳ್ಳುತ್ತೆ. ಹೊರಗಿಂದ ಪ್ಲಾಸ್ಟರ್ ಮೆತ್ತಿದ್ರೆ ಒಳಗೆ ತುಕ್ಕು ನಿಲ್ಲಲ್ಲ, ಮುಂದಿನ ಸಲ ಬೀಳೋ ತುಂಡಿನ ತೂಕ ಜಾಸ್ತಿ ಆಗುತ್ತೆ ಅಷ್ಟೇ.

ಮೊದಲು ತಾರಸಿ ಸೋರಿಕೆ ನಿಲ್ಲಬೇಕು. ನಮ್ಮ ಕಡೆ ತಾರಸಿ ಮೇಲೆ ಶೀಟ್ ಹಾಕೋದು ಒಳ್ಳೇ ಪದ್ಧತಿ, ಆದ್ರೆ ಕಂಬ ನಿಲ್ಲಿಸೋಕೆ ಸ್ಲ್ಯಾಬ್‌ಗೆ ತೂತು ಹೊಡೆದು ಬೋಲ್ಟ್ ಹಾಕಿದ್ರೆ ಅದೇ ಸೋರೋ ದಾರಿ ಆಗುತ್ತೆ, ಗೋಡೆಯ ನೇರಕ್ಕೆ ಸಣ್ಣ ಕಾಂಕ್ರೀಟ್ ಕಟ್ಟೆ ಮಾಡಿ ಅದರ ಮೇಲೆ ನಿಲ್ಲಿಸಲಿ. ಆಮೇಲೆ ಕೆಳಗಿನ ಕೆಲಸ. ಸಡಿಲ ಆಗಿರೋದನ್ನೆಲ್ಲ ತಟ್ಟಿ ಉದುರಿಸಿ, ಕಂಬಿಯ ಹಿಂದೆ ಬೆರಳು ಹೋಗುವಷ್ಟು, ಒಂದು ಇಂಚಿನ ಹತ್ರ, ಸುತ್ತಲೂ ಕೆತ್ತಬೇಕು. ಕಂಬಿ ಹೊಳೆಯೋ ತನಕ ವೈರ್ ಬ್ರಷ್. ಆಗ ಅಳತೆ ನೋಡಿ, 8 ಮಿಲಿಮೀಟರ್ ಕಂಬಿ 7 ಉಳಿದಿದ್ರೆ ಕಣ್ಣಿಗೆ ಒಂದೇ ಮಿಲಿಮೀಟರ್ ಕಮ್ಮಿ, ಆದ್ರೆ ಕಬ್ಬಿಣದಲ್ಲಿ ನೂರಕ್ಕೆ 23 ಭಾಗ ಹೋಗಿದೆ, ಅಂಥಾ ಕಡೆ ಪಕ್ಕದಲ್ಲಿ ಹೊಸ ಕಂಬಿ ಸೇರಿಸಬೇಕು, ಎಷ್ಟು ಉದ್ದ ಎಲ್ಲಿಂದ ಎಲ್ಲಿಗೆ ಅನ್ನೋದನ್ನ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿಯೇ ಹೇಳಬೇಕು, ಇದು ಕಾಗದದಲ್ಲಿ ಹೇಳೋ ವಿಷಯ ಅಲ್ಲ. ಎಂಜಿನಿಯರ್ ಫೀಸ್ ಭಾರ ಅನ್ನಿಸಬಹುದು, ದಯವಿಟ್ಟು ಅದರಲ್ಲಿ ಉಳಿಸೋಕೆ ಹೋಗಬೇಡಿ. ಕಂಬಿಗೆ ತುಕ್ಕು ತಡೆಯೋ ಕೋಟಿಂಗ್ ಹೊಡೆದು, ಲೇಟೆಕ್ಸ್ ಗಾರೆಯನ್ನ ಒಂದು ಸಲಕ್ಕೆ ಅರ್ಧ ಇಂಚಿನಷ್ಟು ಪದರ ಪದರವಾಗಿ ಒತ್ತಿ ತುಂಬಬೇಕು, ಒಂದೇ ಸಲ ದಪ್ಪಗೆ ಮೆತ್ತಿದ್ರೆ ಅದರ ಭಾರಕ್ಕೇ ಜಾರುತ್ತೆ. ಪಾಚಿ, ಕಲೆ ಹೋಗಲಿ ಅಂತ ಯಾರಾದ್ರೂ ಆಸಿಡ್ ಹಾಕಿ ತೊಳೆಯೋಕೆ ಬಂದ್ರೆ ಬಿಡಬೇಡಿ, ಆ ಆಸಿಡ್ ಕಂಬಿ ತನಕ ಇಳಿಯುತ್ತೆ.

ಪ್ರಶ್ನೆ: ಕುಶಾಲನಗರದಲ್ಲಿ ಹೊಸ ಮನೆ, ಹೊರಗೋಡೆ ಪ್ಲಾಸ್ಟರ್ ಮೇಲೆ ಜೇಡರ ಬಲೆ ಥರ ಕೂದಲೆಳೆ ಬಿರುಕು. ಗಾಬರಿ ಪಡಬೇಕಾ?

ಉತ್ತರ: ಬೇಡ. ಬಿಸಿಲಲ್ಲಿ ಪ್ಲಾಸ್ಟರ್ ಬೇಗ ಒಣಗಿದೆ, ಇಲ್ಲ ಮೇಲೆ ಒಣ ಸಿಮೆಂಟ್ ಉದುರಿಸಿ ಕರಣೆಯಲ್ಲಿ ಉಜ್ಜಿದ್ದಾರೆ. ಒಂದು ವರ್ಷ ಬಿಟ್ಟು ಬಿರುಕು ಮುಚ್ಚೋ ಹಿಗ್ಗುವ ಪೇಂಟ್ ಹೊಡೆಸಿ. ಕಿಟಕಿ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೋಗಿದ್ರೆ ಮಾತ್ರ ಫೋಟೋ ತೆಗೆದು ಕಳಿಸಿ.

ಪ್ರಶ್ನೆ: ಮಾದಾಪುರದ ಹತ್ತಿರ ಇಳಿಜಾರಲ್ಲಿ ಮನೆ. ಹೋದ ಆಗಸ್ಟ್‌ನಲ್ಲಿ ಅಂಗಳದ ಕಾಂಕ್ರೀಟ್‌ನಲ್ಲಿ ಬಿರುಕು ಬಂತು, ಸಿಮೆಂಟ್ ಹಾಕಿ ಮುಚ್ಚಿದ್ವಿ. ಮೊನ್ನೆ ಎರಡು ಜೋರು ಮಳೆ ಆದ್ಮೇಲೆ ಮತ್ತೆ ಬಿಟ್ಟಿದೆ, ಒಂದು ಬದಿ ಅರ್ಧ ಇಂಚು ಕೆಳಗೆ ಕೂತಿದೆ. ಅಂಗಳ ದಾಟಿ ತೋಟದ ಮಣ್ಣಲ್ಲೂ ಬಿರುಕು ಹೋಗಿದೆ. ಮನೆ ಹಿಂದಿನ ಬರೆಗೆ (ಕಡಿದ ಗುಡ್ಡದ ಬದಿಗೆ) ಕಟ್ಟಿದ ತಡೆಗೋಡೆ ಸ್ವಲ್ಪ ಉಬ್ಬಿದೆ. ಯಾವ ಕೆಮಿಕಲ್ ಹಾಕಿದ್ರೆ ನಿಲ್ಲುತ್ತೆ?

ಉತ್ತರ: ಯಾವ ಕೆಮಿಕಲ್ಲೂ ನಿಲ್ಲಿಸಲ್ಲ. ನಿಮ್ಮ ಕಾಗದ ಮೂರು ಸಲ ಓದಿದೆ. ಕಾಂಕ್ರೀಟ್ ಬಿಟ್ಟು ಮಣ್ಣಿಗೂ ಹೋದ ಬಿರುಕು ಕಾಂಕ್ರೀಟಿನದ್ದಲ್ಲ, ಗುಡ್ಡದ್ದು. ಅರ್ಧ ಇಂಚು ಕೂತಿದೆ ಅಂದ್ರೆ ಆ ಬದಿಯ ನೆಲ ಜರುಗಿದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ನಿಮ್ಮ ಮಾದಾಪುರದ ಕಡೆಯೆಲ್ಲ ಗುಡ್ಡ ಕುಸಿದು ಏನಾಯ್ತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ, ನೀರು ಕುಡಿದ ಮಣ್ಣು ಭಾರ ಆಗಿ ಹಿಡಿತ ಬಿಡೋದು ಹಾಗೇ.

ಆ ಬಿರುಕಿನೊಳಗೆ ಇನ್ನು ಒಂದು ಹನಿ ನೀರೂ ಇಳೀಬಾರದು. ಮಣ್ಣಿನ ಬಿರುಕಿಗೆ ಜೇಡಿಮಣ್ಣು ತುಂಬಿ ಮೇಲೆ ಟಾರ್ಪಾಲ್ ಹೊದಿಸಿ, ಛಾವಣಿ ನೀರು, ಬಚ್ಚಲು ನೀರು, ಟ್ಯಾಂಕ್ ಓವರ್‌ಫ್ಲೋ ಎಲ್ಲಾ ಪೈಪಲ್ಲಿ ದೂರಕ್ಕೆ ಬಿಡಿ. ತಡೆಗೋಡೆಯಲ್ಲಿ ನೀರು ಹೋಗೋ ತೂತುಗಳು ಇವೆಯಾ, ಇದ್ರೆ ಮಣ್ಣು ತುಂಬಿ ಮುಚ್ಚಿವೆಯಾ ನೋಡಿ, ಸರಳು ಹಾಕಿ ಬಿಡಿಸಬಹುದು, ಆದ್ರೆ ಉಬ್ಬಿದ ಗೋಡೆಯ ಎದುರು ನಿಂತು ಅಲ್ಲ, ಪಕ್ಕದಿಂದ, ಮಳೆ ಇಲ್ಲದ ದಿನ. ಬಿರುಕಿನ ಎರಡೂ ಬದಿ ಗೂಟ ಹೊಡೆದು ಅಂತರ ಅಳೆದು ತಾರೀಖು ಹಾಕಿ ಬರೆದಿಡಿ, ಎರಡು ದಿನಕ್ಕೊಮ್ಮೆ. ಆ ಅಳತೆ, ಫೋಟೋ ತಗೊಂಡು ಗ್ರಾಮ ಪಂಚಾಯಿತಿಗೂ ತಹಶೀಲ್ದಾರ್ ಕಚೇರಿಗೂ ಲಿಖಿತವಾಗಿ ಅರ್ಜಿ ಕೊಡಿ, ಭೂವಿಜ್ಞಾನಿಗಳು ಬಂದು ಜಾಗ ನೋಡಬೇಕು ಅಂತ ಸ್ಪಷ್ಟವಾಗಿ ಕೇಳಿ, ಸ್ವೀಕೃತಿ ತಗೊಳ್ಳಿ.

ಅವರು ನೋಡಿ ಪರವಾಗಿಲ್ಲ ಅನ್ನೋ ತನಕ ಮಳೆಗಾಲದಲ್ಲಿ ಆ ಮನೆಯಲ್ಲಿ ಮಲಗಬೇಡಿ. ಜೂನ್‌ಗೆ ಮುಂಚೆ ನೆಂಟರ ಮನೆಯೋ ಬಾಡಿಗೆ ಮನೆಯೋ ನೋಡ್ಕೊಳ್ಳಿ, ವಯಸ್ಸಾದವರು ಮಕ್ಕಳು ಮೊದಲು. ಅದಕ್ಕೂ ಮುಂಚೆ ಬಾಗಿಲು ಇದ್ದಕ್ಕಿದ್ದ ಹಾಗೆ ಹಿಡಿಯೋಕೆ ಶುರುವಾದ್ರೆ, ಮರ ವಾಲಿದ್ರೆ, ಬರೆಯಲ್ಲಿ ಹೊಸದಾಗಿ ಕೆಸರು ನೀರು ಒಸರಿದ್ರೆ, ಇಲ್ಲ ದಿನಾ ಹರೀತಿದ್ದ ಒರತೆ ತಟ್ಟನೆ ನಿಂತ್ರೆ, ಸಾಮಾನು ನೋಡ್ತಾ ಕೂರಬೇಡಿ, ಹಸು ಕಟ್ಟಿದ್ರೆ ಹಗ್ಗ ಬಿಚ್ಚಿ ಹೊರಟುಬಿಡಿ, ದಾರಿಯಲ್ಲೇ 112ಕ್ಕೆ ಫೋನ್ ಮಾಡಿ. ಅಂಗಳದ ಕಾಂಕ್ರೀಟ್ ಹಾಗೇ ಇರಲಿ. ಜಾಗ ಪರೀಕ್ಷೆ ಆದ್ಮೇಲೆ ಏನು ಹೇಳಿದ್ರು ಅಂತ ನನಗೆ ಬರೀರಿ, ತಡೆಗೋಡೆ ವಿಷಯ ಆಗ ನೋಡೋಣ.